ನಿಕೇಸ್ ಬಾಯಲ್ಲಿಟ್ಟುಕೊಳ್ಳುತ್ತಿದ್ದ ಉಂಗುರ

ದೀಪ ಸ್ವಲ್ಪ ಇತ್ತ ಸರಿಸೇ, ಜಾವೊತ್. ಈ ಗೊಂಡೆ ದಾರ ಕಣ್ಣಿಗೇ ಕಾಣ್ತಿಲ್ಲ... ಹಾಂ, ಸಾಕು. ಗೋಡೆ ಕಡೆ ಏನು ಹಾಗೆ ಬಿಟ್ಟ ಕಣ್ಣು ಬಿಟ್ಕೊಂಡು ನೋಡ್ತಿದೀಯ? ಬಿಳಿ ಬಟ್ಟೆ ಹೊದಿಸಿರೋ ಕುರ್ಚಿಗಳು ಕಣೇ ಅವು. ನಾಳೆ ಬೆಳಿಗ್ಗೆ ಗಾಡಿ ಬರುತ್ತೆ, ಹೋಗ್ತವೆ. ದೆವ್ವ ಹಾಗೆಲ್ಲ ಬಟ್ಟೆ ಹೊದ್ದುಕೊಂಡು ಸಾಲಾಗಿ ಕೂರಲ್ಲ. ಅಷ್ಟು ಬಿಡುವು ಅದಕ್ಕೆಲ್ಲಿದೆ? ನನಗೆ ಗೊತ್ತಿರೋ ದೆವ್ವ ರಾತ್ರಿಯಿಡೀ ಕೂತು ಕೆಲಸ ಮಾಡ್ತು.

ನಗಬೇಡ್ರೇ. ನಮ್ಮ ಚಿಕ್ಕಪ್ಪನ ಮಗಳು ಸಿಡೊನಿಗೆ ಆಗಿದ್ದು ಇದು. ಸಂತೇಲಿ ಕೇಳ್ಕೊಂಡು ಬಂದ ಮಾತಲ್ಲ. ಬೆಳಿಗ್ಗೆ ಹೋಗಿ ಕಣ್ಣಾರೆ ನೋಡಿದೋಳು ನಾನೇ. ಹೊಲೀತಾ ಕೇಳಿ. ನಿಮ್ಮ ಕೈ ನಿಂತ್ರೆ ನನ್ನ ಬಾಯೂ ನಿಲ್ಲುತ್ತೆ, ಈಗಲೇ ಹೇಳಿದೀನಿ.

ನಾಲ್ಕು ವರ್ಷದ ಹಿಂದಿನ ಮಾತು, ಸತ್ತವರ ಹಬ್ಬ ಆಗಿತ್ತಷ್ಟೆ. ಸಿಡೊನಿ ಊರಿನ ಆ ತುದಿಯಿಂದ, ಸಾಂತ್-ಒನೊರೇ ಬೀದಿಯಿಂದ, ಒಬ್ಬಳೇ ನಡ್ಕೊಂಡು ಬರ್ತಿದ್ಲು. ತುಂಬಿದ ಬಸುರಿ. ಒಂದು ಕೈ ಹೊಟ್ಟೆ ಕೆಳಗೆ, ಒಂದು ಕೈ ಗೋಡೆ ಮೇಲೆ. ಬಾಸ್ತೀಲ್ ಕೋಟೆ ದಾಟಿ ನಮ್ಮ ಬೀದಿಗೆ ಬರೋ ಹೊತ್ತಿಗೆ ಕತ್ತಲು ಇಳಿದು, ಮಂಜೂ ಇಳಿದಿತ್ತು. ಬಡಗಿಗಳೆಲ್ಲ ಬಾಗಿಲು ಹಾಕಿಯಾಗಿತ್ತು. ಕಾಲ ಕೆಳಗೆ ಮರದ ಹೊಟ್ಟು ಒದ್ದೆಯಾಗಿ ಮೆತ್ತಗಿತ್ತಂತೆ, ಅವಳ ಹೆಜ್ಜೆ ಅವಳಿಗೇ ಕೇಳಿಸ್ತಿರಲಿಲ್ಲವಂತೆ.

ಅವರ ಅಂಗಳ ನೀವು ನೋಡಿದೀರಲ್ಲ? ನಡುವೆ ಬಾವಿ. ಬಾವಿ ದಾಟಿದ್ರೆ ಕುಲುಮೆ ಕೋಣೆ. ಅದರ ಪಕ್ಕದ ಮೆಟ್ಟಿಲು ಹತ್ತಿದ್ರೆ ಅವರ ಮನೆ.

ಬಾವಿ ಹತ್ತಿರ ಬಂದ್ಲು... ನಿಂತ್ಲು.

ಚರ್... ಚರ್... ಚರ್ ಚರ್...

ಹಿತ್ತಾಳೆ ತಂತಿ ಕುಂಚದ ಸದ್ದು. ವಿನೆಗರ್ ನೀರಲ್ಲಿ ಅದ್ದಿ, ಕಾಯಿಸಿ ತೆಗೆದ ಕಂಚಿನ ಮೇಲೆ ಉಜ್ಜೋ ಕುಂಚ. ಒಣಗಿದ್ದರೆ ಅದು ಕೀಚು ಕೀಚು ಅನ್ನುತ್ತೆ. ಒದ್ದೆ ಇದ್ದಾಗ ಮಾತ್ರ ಹೀಗೆ... ಚರ್... ಚರ್... ಮದುವೆಯಾದ ದಿನದಿಂದ ಕೇಳಿದ ಸದ್ದು, ಅವಳಿಗೆ ಗೊತ್ತಾಗದೆ ಇರುತ್ತಾ? ಬರ್ತಿದ್ದದ್ದು ಕುಲುಮೆ ಕೋಣೆ ಒಳಗಿಂದ. ಕೋಣೆಗೆ ಬೀಗ. ಬೀಗದ ಕೈ ಅವಳ ಸೊಂಟದಲ್ಲಿ. ಕಿಟಕಿಯಲ್ಲಿ ಒಂದು ಕಿಡಿ ಬೆಳಕಿಲ್ಲ.

ಆ ಕುಂಚ ಹಿಡೀತಿದ್ದೋನು ಅವಳ ಗಂಡ ನಿಕೇಸ್. ಅವನನ್ನ ಮಣ್ಣು ಮಾಡಿ ಇನ್ನೂ ಎರಡು ವಾರ ಆಗಿರಲಿಲ್ಲ.

ನಿಕೇಸ್ ಏನು ಕೆಲಸ ಮಾಡ್ತಿದ್ದ ಅಂತ ಹೇಳ್ತೀನಿ ತಡಿ. ನೀವೆಲ್ಲ ರೇಷ್ಮೆ ಹೊಲಿಯೋರು, ನಿಮಗೆ ಬೆರಳಿಗೆ ಸೂಜಿ ಚುಚ್ಚಿದ್ರೆ ಅದೇ ದೊಡ್ಡ ಗಾಯ. ಮೇಜು, ಬೀರು, ಗಡಿಯಾರದ ಮೇಲೆಲ್ಲ ಕಂಚಿನ ಎಲೆ, ಹಾರ, ಟಗರಿನ ತಲೆ ಕೂರಿಸ್ತಾರಲ್ಲ, ಅದಕ್ಕೆ ಚಿನ್ನ ಏರಿಸೋ ಕೆಲಸ ಅವನದು. ಹಳೇ ರಾಜನ ಕಾಲದಲ್ಲಿ ಎಲ್ಲ ಬಳ್ಳಿ ಬಳುಕು ಇತ್ತು. ಈಗ ಎಲ್ಲ ನೆಟ್ಟಗೆ, ಗ್ರೀಕರ ಥರ, ಕುರ್ಚಿ ಕಾಲೂ ಸಿಪಾಯಿ ನಿಂತ ಹಾಗೆ. ಟಗರಿನ ತಲೆ ಇಲ್ಲದಿದ್ರೆ ದೊಡ್ಡ ಮನೆ ಹೆಂಗಸರಿಗೆ ಕಾಗದದ ಮೇಲೆ ಪೆನ್ನೇ ಓಡಲ್ಲ ಅಂತ ಕಾಣುತ್ತೆ. ನಮಗೆ ಭಾನುವಾರದ ಸಾರಿಗೆ ಟಗರಿನ ತಲೆ ಸಿಕ್ಕಿದ್ರೆ ಅದೇ ಹಬ್ಬ!

ಆ ಕೆಲಸ ಹೇಗಂದ್ರೆ... ಚಿನ್ನ, ಪಾದರಸ ಎರಡೂ ಸೇರಿಸಿ ಬೆಣ್ಣೆ ಥರ ಮಾಡ್ಕೋತಾರೆ. ಕಂಚಿಗೆ ಬಳೀತಾರೆ. ಕೆಂಡದ ಮೇಲೆ ಹಿಡೀತಾರೆ. ಪಾದರಸ ಹೊಗೆಯಾಗಿ ಹೋಗುತ್ತೆ, ಚಿನ್ನ ಉಳಿಯುತ್ತೆ. ಆ ಹೊಗೆ ಎಲ್ಲಿಗೆ ಹೋಗುತ್ತೆ? ಚಿಮಣಿಗೆ ಅಂತಾರೆ. ಸುಳ್ಳು. ಅರ್ಧ ಚಿಮಣಿಗೆ, ಅರ್ಧ ಮನುಷ್ಯನಿಗೆ. ಕೈ ನಡುಗುತ್ತೆ, ಹಲ್ಲು ಉದುರುತ್ತೆ, ಆಮೇಲೆ ಮನುಷ್ಯನೇ ಉದುರಿ ಹೋಗ್ತಾನೆ. ಅದಕ್ಕೆ ಈ ಕೆಲಸದೋರೆಲ್ಲ ಬಾಯಲ್ಲಿ ಒಂದು ಚೂರು ಚಿನ್ನ ಇಟ್ಕೋತಾರೆ. ಒಳಗೆ ಹೋಗೋ ವಿಷಾನ ಚಿನ್ನ ಕುಡಿಯುತ್ತೆ ಅಂತ ನಂಬಿಕೆ. ಕುಡಿಯುತ್ತೆ ಕೂಡ. ಸಂಜೆ ಬಾಯಿಂದ ತೆಗೆದ್ರೆ ಚಿನ್ನ ಬೆಳ್ಳಗೆ, ಬೆಳ್ಳಿ ಥರ ಆಗಿರುತ್ತೆ. ಬೆಂಕಿಗೆ ಹಿಡಿದ್ರೆ ಮತ್ತೆ ಹಳದಿ.

ಬೇರೆಯೋರು ನಾಣ್ಯ ಇಟ್ಕೋತಿದ್ರು. ನಿಕೇಸ್ ಇಟ್ಕೋತಿದ್ದದ್ದು ಸಿಡೊನಿಯ ಮದುವೆ ಉಂಗುರ. ಬೆಳಿಗ್ಗೆ ಅವಳ ಬೆರಳಿಂದ ತೆಗೆದು ಬಾಯಿಗೆ, ಸಂಜೆ ತೊಳೆದು ಕಾಯಿಸಿ ಅವಳ ಬೆರಳಿಗೆ. ಕೆಲಸ ಮಾಡ್ತಾ ಮಾಡ್ತಾ ನಾಲಿಗೇಲಿ ಹೊರಳಿಸಿ ಮುಂದಿನ ಹಲ್ಲಿಗೆ ತಾಗಿಸ್ತಿದ್ದ. ಟಿಕ್... ಟಿಕ್... ಕೊನೆಕೊನೆಗೆ ಇದ್ದದ್ದೇ ಎರಡು ಹಲ್ಲು, ಆದ್ರೂ ಟಿಕ್ ಬಿಡಲಿಲ್ಲ. ಸಿಡೊನಿ ರೇಗ್ತಿದ್ಲು, "ಅದನ್ನೂ ನುಂಗಿಬಿಡು, ಆಮೇಲೆ ನಾನು ಬರೀ ಬೆರಳಲ್ಲಿ ಓಡಾಡ್ತೀನಿ, ಜನ ಏನಂತಾರೆ ನೋಡು!"

ಎರಡು ಸಲ ಅವಳ ಮಗು ಹೊಟ್ಟೇಲೇ ಹೋಗಿತ್ತು. ಮೂರನೇ ಸಲ ನಿಂತಾಗ ನಿಕೇಸ್ ಕುಲುಮೆ ಕೋಣೆ ಹೊಸ್ತಿಲ ಮೇಲೆ ಇದ್ದಿಲಲ್ಲಿ ಒಂದು ಗೆರೆ ಎಳೆದ. "ಇದನ್ನ ನೀನು ದಾಟಬಾರದು. ನಾನು ಸತ್ತು ಬಿದ್ದಿದ್ರೂ ದಾಟಬೇಡ," ಅಂದ. ಸಂಜೆ ಬಾವಿ ಹತ್ತಿರ ಚಳಿಯಲ್ಲೂ ಬಟ್ಟೆ ಬಿಚ್ಚಿ ಮೈ ತೊಳೆದೇ ಮೆಟ್ಟಿಲು ಹತ್ತೋನು. ಅಂಗಳದೋರು ಕಿಸಕ್ಕಂತ ನಗೋರು. ಕೊನೆಗೆ ಅವನು ಆ ಕೋಣೇಲೇ ಸತ್ತು ಬಿದ್ದ. ಹೆಣ ಹೊತ್ತೋರ ಕಾಲಿಗೆ ಸಿಕ್ಕಿ ಆ ಗೆರೆಯೂ ಅಳಿಸಿಹೋಯ್ತು. ಹೆಣ ತೊಳೆಯೋ ಮುದುಕಿ ಬಾಯಿಂದ ಉಂಗುರ ತೆಗೆದು ಸಿಡೊನಿ ಕೈಗೆ ಕೊಟ್ಲು. ಬೆಳ್ಳಗಿತ್ತು.

ಅದನ್ನ ಕಾಯಿಸಿ ಹಳದಿ ಮಾಡಿಸಿ ಹಾಕ್ಕೊಂಡ್ಲು. ಗಂಡನಿಲ್ಲ, ಉಂಗುರ ಇದೆ. ಅಷ್ಟೆ.

ಸರಿ, ಆವತ್ತು ಊರ ಆ ತುದಿಗೆ ಯಾಕೆ ಹೋಗಿದ್ಲು? ಗ್ರಿವೇ ಯಜಮಾನ್ರು ಕರೆಸಿದ್ರು. ಮೇಜು ಮಾರೋ ದೊಡ್ಡ ವ್ಯಾಪಾರಿ, ಕುಲುಮೆ ಕೋಣೆ, ಮೇಲಿನ ಮನೆ ಎರಡೂ ಅವರದೇ. ಯಾರೋ ಡಚೆಸ್‌ಗೆ ಒಂದು ಬರೆಯೋ ಮೇಜು ಮಾಡಿಸ್ತಿದ್ರು. ನಾಲ್ಕು ಮೂಲೆಗೆ ನಾಲ್ಕು ಟಗರಿನ ತಲೆ. ನಿಕೇಸ್ ಮೂರಕ್ಕೆ ಚಿನ್ನ ಏರಿಸಿದ್ದ. ನಾಲ್ಕನೇದು ಬರೀ ಕಂಚಾಗಿ ಕೋಣೆಯೊಳಗೆ ಹಲಗೆ ಮೇಲೆ ಕೂತಿತ್ತು.

"ಅಮ್ಮಾ, ನಿನ್ನ ದುಃಖ ನನಗೆ ಅರ್ಥ ಆಗುತ್ತೆ," ಅಂದ್ರಂತೆ ಗ್ರಿವೇ. "ಆದ್ರೆ ಮೇಜಿಗೆ ಅರ್ಥ ಆಗಲ್ಲ. ಬೇರೆಯೋರ ಕೈಲಿ ಮಾಡಿಸಿದ್ರೆ ಬಣ್ಣ ಹೊಂದಲ್ಲ. ನಿಕೇಸ್‌ನ ಹಳದಿನೇ ಬೇಕು. ಅವನ ಬೆರಕೆ ನಿನಗೆ ಗೊತ್ತು. ನೀನೇ ಮುಗಿಸಿಕೊಡು, ಹೆರಿಗೆ ಆಗಿ ಬೇಸಿಗೆ ಬರೋವರೆಗೂ ಮನೇಲಿರು, ಯಾರೂ ಕೇಳಲ್ಲ. ಇಲ್ಲ ಅಂದ್ರೆ ಸೋಮವಾರ ಹೊಸ ಕೆಲಸಗಾರ ಸಂಸಾರ ಸಮೇತ ಬರ್ತಾನೆ."

ಎಂಥ ಮೆತ್ತನೆ ಮಾತು ನೋಡಿ! ಹೊಗೆ ಕುಡಿದ್ರೆ ಹೊಟ್ಟೇಲಿರೋದು ಹೋಗುತ್ತೆ. ಕುಡೀದಿದ್ರೆ ನವೆಂಬರ್ ಚಳಿಯಲ್ಲಿ ಬೀದಿ. ಆ ಹೊಟ್ಟೆ ಹೊತ್ಕೊಂಡು ಎಲ್ಲಿ ಹೋಗ್ತಾಳೆ? ನಮ್ಮ ಮನೆ ಆಗ ಒಂದೇ ಕೋಣೆ, ನಾವು ಆರು ಜನ. ನಿಕೇಸ್ ಸತ್ತ ದಿನಾನೇ ಬಾ ಅಂದಿದ್ದೆ. ಬಂದ್ರೆ ಎಲ್ಲಿ ಮಲಗಿಸ್ತೀಯಾ ಅಂತ ಅವಳೇ ಕೇಳಿದ್ಲು. ಆ ಮಾತು ಇವತ್ತಿಗೂ ಮರೆತಿಲ್ಲ ನಾನು.

ಹಾಂ, ಬಾವಿ ಹತ್ತಿರ ಇದ್ಲಲ್ಲ. ಚರ್ ಚರ್... ಕೇಳ್ತು. ಉಸಿರು ಬಿಗಿಹಿಡಿದು ಒಂದು ಹೆಜ್ಜೆ ಇಟ್ಲು.

ನಿಂತೋಯ್ತು.

ಬಾವಿ ರಾಟೆ ಗಾಳಿಗೆ ಕಿರ್ರ್ ಅಂತು. ಮತ್ತೇನೂ ಇಲ್ಲ.

ಅವಳು ಓಡಿದ್ದು ಬ್ಲೇಜ್ ಮನೆಗೆ. ಅದೇ ಅಂಗಳದಲ್ಲಿ ಎದುರು ಬಾಗಿಲು. ಕಂಚು ಕೆತ್ತೋನು ಅವನು, ಆ ಟಗರುಗಳ ಮುಖ ಕೊಂಬು ಎಲ್ಲ ಅವನ ಉಳಿಯದೇ. ಒರಟಾಗಿ ಮಾತಾಡೋ ಮನುಷ್ಯ, ಆದ್ರೆ ಒಳ್ಳೆಯೋನು. ಲಾಟೀನು ತಗೊಂಡು ಬಂದ, ಬಾಗಿಲಿಗೆ ಕಿವಿ ಇಟ್ಟ.

"ಇಲಿ," ಅಂದ.

"ಇಲಿ ವಿನೆಗರ್‌ನಲ್ಲಿ ಕುಂಚ ಅದ್ದುತ್ತಾ?"

ಅವನೂ ಮೂಸಿ ನೋಡಿದ. ಬಾಗಿಲ ಸಂದಿಯಿಂದ ಹುಳಿ ವಾಸನೆ ಬರ್ತಿತ್ತು. ಬ್ಲೇಜ್ ಎದೆ ಮೇಲೆ ಶಿಲುಬೆ ಎಳ್ಕೊಂಡ.

"ಬ್ಲೇಜಣ್ಣ, ಆ ತಲೆ ನೀನೇ ಮುಗಿಸಿಕೊಡು," ಅಂದ್ಲು ಸಿಡೊನಿ.

"ಕೆತ್ತೋನು ಚಿನ್ನ ಏರಿಸಿದ್ರೆ ಚಿನ್ನ ಏರಿಸೋರ ಸಂಘದೋರು ನನ್ನ ಬಾಗಿಲಿಗೂ ಬೀಗ ಜಡೀತಾರೆ. ಹೋಗಲಿ, ಕದ್ದುಮುಚ್ಚಿ ಮಾಡಿದೆ ಅಂತಿಟ್ಕೋ. ನಂಗೆ ಆ ಹಳದಿ ಬರಲ್ಲ ಕಣಮ್ಮ. ನಾನು ಮಾಡಿದ್ರೆ ಅದು ಟಗರಲ್ಲ, ಕಾಮಾಲೆ ಬಂದ ಕುರಿ."

"ಹಾಗಾದ್ರೆ ನಾನೇ ಮಾಡ್ತೀನಿ. ಬಾಯಲ್ಲಿ ಉಂಗುರ ಇಟ್ಕೋತೀನಿ."

"ಅದು ಅವನನ್ನ ಉಳಿಸ್ತಾ?" ಅಂದ ಬ್ಲೇಜ್. ಆಮೇಲೆ ದನಿ ತಗ್ಗಿಸಿ, "ಇನ್ನೊಂದು ಮಾತು. ಒಳಗೆ ಯಾರೇ ಇರಲಿ... ಏನಾದ್ರೂ ಕೇಳಿದ್ರೆ ಕೊಡಬೇಡ. ಸತ್ತೋರ ಕೈಗೆ ನಿನ್ನ ಕೈಯಿಂದ ಏನೂ ಹೋಗಬಾರದು. ಕೊಟ್ರೆ, ಹಿಂದೇನೇ ನೀನೂ ಹೋಗ್ತೀಯ. ನನ್ನ ಅಜ್ಜಿ ಹಾಗೇ ಹೋಗಿದ್ದು."

ಬೆಳಿಗ್ಗೆ ನೋಡೋಣ ಅಂತ ಹೇಳಿ ಅವಳನ್ನ ಮೆಟ್ಟಿಲು ಹತ್ತಿಸಿ ಹೋದ.

ಮಲಗೋಳಾ ಅವಳು? ನನ್ನ ಚಿಕ್ಕಪ್ಪನ ಮಗಳು, ಹಟ ನಮ್ಮ ಮನೆತನದ್ದು. ಊರು ಮಲಗಿದ ಮೇಲೆ ಮೇಣದ ಬತ್ತಿ ಹಿಡಿದು ಇಳಿದ್ಲು. ಹೆದರಿಕೆ ಆಗಲಿಲ್ವೇನೇ ಅಂತ ನಾನು ಕೇಳಿದೆ. "ಆಯ್ತು. ಆದ್ರೆ ಸೋಮವಾರದ ಹೆದರಿಕೆ ಇನ್ನೂ ಜಾಸ್ತಿ ಇತ್ತು," ಅಂದ್ಲು. ಉಂಗುರ ಬಾಯಿಗೆ ಹಾಕ್ಕೊಂಡ್ಲು. ಬೀಗ ತೆಗೆದ್ಲು, ಕೈಯಲ್ಲಿ ಬಂತು. ಬಾಗಿಲು ತಳ್ಳಿದ್ಲು.

ಬರಲಿಲ್ಲ.

ಬಾಗಿಲಿಗೆ ಒಳಗೆ ಅಗುಳಿ ಇಲ್ಲ, ಚಿಲಕ ಇಲ್ಲ. ಭುಜ ಕೊಟ್ಟು ತಳ್ಳಿದ್ಲು. ಆಚೆಯಿಂದ ಯಾರೋ ಭುಜ ಕೊಟ್ಟು ನಿಂತ ಹಾಗೆ... ಸ್ವಲ್ಪ ಸರೀತಿತ್ತು, ಮತ್ತೆ ಮೆಲ್ಲಗೆ ಮುಚ್ಕೋತಿತ್ತು. ಮೇಣದ ಬತ್ತಿ ತಾನಾಗೇ ಆರಿತು. ಬತ್ತಿ ತುದಿಯ ಕೆಂಪು ಚುಕ್ಕೆ ಮಾತ್ರ ಉಳೀತು.

ಆಗ ಬಾಗಿಲ ಆಚೆ ಕೆಮ್ಮು. ಒಂದು ದೊಡ್ಡದು, ಹಿಂದೆ ಎರಡು ಚಿಕ್ಕದು, ಕೊನೇಲಿ ಗಂಟಲಲ್ಲಿ ಸಿಳ್ಳೆ. ಹೊದಿಕೆಯೊಳಗೆ ಪಕ್ಕದಲ್ಲೇ ಮಲಗಿ ಕೇಳಿದ ಕೆಮ್ಮು ಅದು. ಸಿಡೊನಿ ಹೊಸ್ತಿಲ ಹತ್ತಿರ ಕೂತುಬಿಟ್ಲು. ಉಂಗುರ ಬಾಯಿಂದ ಅಂಗೈಗೆ ಬಿತ್ತು.

"ನೀನಾ?" ಅಂದ್ಲು.

ಬಾಗಿಲಿಗೆ ಮುಖ ಒತ್ತಿದ್ಲು.

"ನಿಕೇಸ್... ನೀನಾ?"

"ದಾಟಬೇಡ."

ಪಿಸುಮಾತು. ಬಾಗಿಲ ಅಡಿಯ ಸಂದಿಯಿಂದ ಬಂತು, ಅವನೂ ಒಳಗೆ ನೆಲದ ಮೇಲೇ ಕೂತ ಹಾಗೆ. ಇವಳಿಗೆ ಅಷ್ಟು ಹೊತ್ತಿನ ಹೆದರಿಕೆಯೆಲ್ಲ ಸಿಟ್ಟಾಗಿ ತಿರುಗ್ತಂತೆ. ಹೆಂಡ್ತಿ ಅಲ್ವಾ!

"ದಾಟಬೇಡ ಅಂತೀಯ. ಮನೆ ಬಿಡಿಸ್ತಾರೆ, ಗೊತ್ತಾ? ಅರ್ಧಕ್ಕೆ ಬಿಟ್ಟು ಹೋದೋನು ನೀನು. ಮುಗಿಸೋರು ಯಾರು?"

"ಮಾಡ್ತೀನಿ."

"ಏನು ಮಾಡ್ತೀಯ ನೀನು..." ಅಂತ ಅಳು ಬಂತು ಅವಳಿಗೆ.

ಒಳಗಿಂದ, ಇನ್ನೂ ಸಣ್ಣ ದನಿ...

"ಉಂಗುರ ಕೊಡು."

ಅಯ್ಯೋ, ಈಗ ಹೇಳ್ತಿದ್ರೂ ನನ್ನ ಕತ್ತಿನ ಹಿಂದೆ ತಣ್ಣಗಾಗುತ್ತೆ. ಬ್ಲೇಜ್ ಏನಂದಿದ್ದ? ಕೊಟ್ರೆ ಹಿಂದೇನೇ ಹೋಗ್ತೀಯ ಅಂತ. ಸಿಡೊನಿ ಉಂಗುರಾನ ಮುಷ್ಟಿಯಲ್ಲಿ ಬಿಗಿ ಹಿಡಿದ್ಲು. ಹೊಟ್ಟೇಲಿ ಮಗು ಒಮ್ಮೆ ಹೊರಳ್ತು. ಬಾಗಿಲ ಅಡಿಯಿಂದ ತಣ್ಣನೆ ಗಾಳಿ ಅವಳ ಬೆರಳಿಗೆ ತಾಕ್ತಿತ್ತು... ನಿಲ್ತಿತ್ತು... ತಾಕ್ತಿತ್ತು... ಉಸಿರಿನ ಲೆಕ್ಕದಲ್ಲಿ.

"ನನ್ನನ್ನೂ ಕರ್ಕೊಂಡು ಹೋಗ್ತೀಯಾ?" ಅಂತ ಕೇಳಿದ್ಲು.

ಹೊಟ್ಟೆ ಮೇಲೆ ಕೈ ಇಟ್ಕೊಂಡ್ಲು.

"ಮಗೂನ?"

ಕೆಮ್ಮು. ಒಂದು ದೊಡ್ಡದು, ಎರಡು ಚಿಕ್ಕದು.

"ಹೊಗೆ ಬರುತ್ತೆ," ಅಂದ. "ಮೇಲೆ ಹೋಗು. ಕಿಟಕಿ ತೆಗೆದಿಡು."

ಅಷ್ಟೇ. ಬೇರೆ ಮಾತೇ ಇಲ್ಲ. ಆದ್ರೆ ಬದುಕಿದ್ದಾಗ ದಿನಾ ಬೆಳಿಗ್ಗೆ ಅವನು ಹೇಳ್ತಿದ್ದ ಮಾತೇ ಅದು, ಅಕ್ಷರ ಅಕ್ಷರ. ಸಿಡೊನಿ ಕಣ್ಣು ಮುಚ್ಚಿ ಉಂಗುರಾನ ಬಾಗಿಲ ಅಡಿಗೆ ತಳ್ಳಿದ್ಲು. ಕಲ್ಲಿನ ಮೇಲೆ ಸರ್ರಂತ ಜಾರಿ ಹೋಯ್ತು. ಎಲ್ಲೂ ಗೋಡೆಗೆ ತಾಗಿದ ಸದ್ದಿಲ್ಲ, ಬಿದ್ದ ಸದ್ದಿಲ್ಲ.

ಒಂದು ಗಳಿಗೆ...

ಟಿಕ್.

ಅವಳು ಮೇಲೆ ಹೋದ್ಲು. ಅಷ್ಟು ಚಳಿಯಲ್ಲಿ ಕಿಟಕಿ ತೆಗೆದು, ಇದ್ದಬದ್ದ ಹೊದಿಕೆ ಹೊದ್ದು ಕೂತ್ಲು. ರಾತ್ರಿಯಿಡೀ ಕೆಳಗಿಂದ ಸದ್ದು. ಮೊದಲು ಕಿರ್ಕ್... ಕಿರ್ಕ್... ಚರ್ಮದ ಬಟ್ಟೇಲಿ ಆ ಚಿನ್ನದ ಬೆಣ್ಣೆ ಹಿಂಡಿದ್ರೆ ಹಾಗೇ ಕಿರುಗುಟ್ಟುತ್ತೆ. ಆಮೇಲೆ ತಿದಿ, ಹುಸ್... ಹುಸ್... ಆಮೇಲೆ ಚರ್ ಚರ್. ನಡುನಡುವೆ ಟಿಕ್. ಒಂದು ಹೊತ್ತಲ್ಲಿ ಅವಳಿಗೆ ಹೆದರಿಕೇನೇ ಹೋಗಿಬಿಡ್ತಂತೆ. ಟಿಕ್ ಕೇಳ್ತಾ ಕೇಳ್ತಾ, ಅವನು ಸತ್ತ ಮೇಲೆ ಮೊದಲನೇ ಸಲ ನಿದ್ದೆ ಬಂತು ಅಂದ್ಲು.

ಬೆಳಿಗ್ಗೆ ನಾನು ರೊಟ್ಟಿ ತಗೊಂಡು ಹೋದೆ. ಇವಳು ಮೆಟ್ಟಿಲ ಮೇಲೆ ನಿಂತು ಬಾ ಅಂತ ಕೈ ಮಾಡಿದ್ಲು. ಬ್ಲೇಜ್ ಬಂದ. ಬಾಗಿಲು ಮುಟ್ಟಿದ, ತೆರೀತು.

ಒಳಗೆ ನಾನೇ ಹೋದೆ ಕಣ್ರೇ. ಒಲೆಯೊಳಗೆ ಈ ಕೈ ಇಟ್ಟು ನೋಡಿದೆ. ಐಸಿನಂಗೆ ತಣ್ಣಗೆ. ನಿಕೇಸ್ ಸತ್ತ ದಿನದ ಹಳೇ ಬೂದಿ, ಅದರ ಮೇಲೆ ಬೆಕ್ಕು ನಡೆದ ಹೆಜ್ಜೆ, ಅದೂ ಕದಲಿರಲಿಲ್ಲ. ಹಲಗೆ ಮೇಲೆ ಟಗರಿನ ತಲೆ. ಬಂಗಾರ! ಬ್ಲೇಜ್ ಅದನ್ನ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಕೊಂಬಿನ ತುದಿ ಮಿಂಚು, ಕೆನ್ನೆ ಮಂಕು, ಮಿಕ್ಕ ಮೂರರ ಹಾಗೇ. "ಇದು ಅವನ ಹಳದಿ," ಅಂದ. ಕಣ್ಣಲ್ಲಿ ನೀರು ಬಂತು ಅವನಿಗೆ, ಮುಖ ಆಚೆ ತಿರುಗಿಸ್ಕೊಂಡ.

ಬ್ಲೇಜೇ ರಾತ್ರಿ ಕದ್ದು ಮಾಡಿರಬೇಕು ಅಂತೀಯಾ, ಜಾವೊತ್? ನಾನೂ ಹಾಗೇ ಅಂದ್ಕೊಂಡೆ. ಕೇಳಿದೆ ಕೂಡ, ನನಗೇನು ಸಂಕೋಚ. ಅವನು ಲೋಹದ ಕೆಲಸದೋರನ್ನ ಕಾಯೋ ಸಂತ ಎಲ್ವಾ ಮೇಲೆ ಆಣೆ ಇಟ್ಟ. ಇರಲಿ, ಗಂಡಸರ ಆಣೆ ಬಿಡು. ಹೊಸ್ತಿಲ ಮೇಲಿನ ಇದ್ದಿಲ ಗೆರೆಗೆ ಏನು ಹೇಳ್ತೀಯ? ಹೊಸದಾಗಿ, ದಪ್ಪಗೆ ಎಳೆದಿತ್ತು. ಗೆರೆಯ ಈಚೆಗೆ, ಸಿಡೊನಿ ಒಳಗೆ ಕಾಲಿಡದೇ ಬಗ್ಗಿ ಎತ್ಕೊಳ್ಳೋ ಹಾಗೆ, ಉಂಗುರ ಇಟ್ಟಿತ್ತು. ಬೆಳ್ಳಗೆ.

ಗ್ರಿವೇ ತಲೆ ತಗೊಂಡ್ರು, ಮಾತಿಗೆ ತಪ್ಪಲಿಲ್ಲ, ಅಷ್ಟರಮಟ್ಟಿಗೆ ಒಳ್ಳೆಯೋರು. ಆ ಚಳಿಗಾಲದಲ್ಲೇ, ಅದೇ ಮನೇಲಿ ಹೆರಿಗೆ ಆಯ್ತು. ಹೆಣ್ಣು ಮಗು, ಹುಟ್ಟಿದ ತಕ್ಷಣ ಅಂಗಳಕ್ಕೆಲ್ಲ ಕೇಳೋ ಹಾಗೆ ಕಿರಿಚ್ತು. ಬೇಸಿಗೇಲಿ ಸಿಡೊನಿ ರೊಟ್ಟಿ ಅಂಗಡಿ ಮೇಲಿನ ಕೋಣೆಗೆ ಬಂದ್ಲು, ನಮ್ಮ ಜೊತೆ ಹೊಲಿಗೆಗೆ ಸೇರಿದ್ಲು. ಹೌದು ಕಣೇ, ಅದೇ ಸಿಡೊನಿ, ದಿನಾ ನಿನ್ನ ಪಕ್ಕ ಕೂತು ಗೊಂಡೆ ಕಟ್ಟೋಳು. ಹಿಂದಿನ ವಾರದಿಂದ ಯಾಕೆ ಬಂದಿಲ್ಲ ಅಂತ ಕೇಳಿದ್ರಲ್ಲ ನೀವು, ಅದಕ್ಕೇ ಇಷ್ಟೆಲ್ಲ ಹೇಳಿದ್ದು.

ಆ ಮಗುಗೆ ಈಗ ಮೂರು ದಾಟಿದೆ, ಅದಕ್ಕೆ ಜ್ವರ. ಎಂಥ ಜ್ವರ ಅಂದ್ರೆ, ಎರಡನೇ ದಿನ ವೈದ್ಯರು ಬಂದು ನೋಡಿ, ಪಾದ್ರಿಗಳನ್ನ ಕರೆಸಿ ಅಂದು ಹೋದ್ರು. ನಾನು ರಾತ್ರಿ ಅಲ್ಲೇ ಇದ್ದೆ. ಸಿಡೊನಿ ಮಗು ಎದೆ ಮೇಲೆ ಕೈ ಇಟ್ಕೊಂಡು ಕೂತಿದ್ಲು. ಬೆರಳಲ್ಲಿ ಉಂಗುರ, ಹಳದಿ, ದೀಪದಲ್ಲಿ ಹೊಳೀತಿತ್ತು, ನನಗೆ ಚೆನ್ನಾಗಿ ನೆನಪಿದೆ. ಪಾದರಸ ಅನ್ನೋದು ಆ ಕೋಣೇಲಿ ಯಾವತ್ತೂ ಇದ್ದಿಲ್ಲ. ಬೆಳಗಿನ ಜಾವ ನನಗೆ ಜೋಂಪು ಹತ್ತಿತ್ತು. ಅವಳು ನನ್ನ ತೋಳು ಹಿಡಿದು ಅಲುಗಿಸಿದ್ಲು.

"ಕೇಳಿಸ್ತಾ?"

"ಏನು?"

"ಷ್... ಟಿಕ್ ಅಂತು, ಕೇಳು."

ನನಗೆ ಕೇಳಿಸಲಿಲ್ಲ. ಸುಳ್ಳು ಯಾಕೆ ಹೇಳಲಿ. ಮಗು ಉಸಿರು ಕೇಳಿಸ್ತು, ಅಷ್ಟೆ. ಸಿಡೊನಿ ಎದ್ದು ಹೋಗಿ ಕಿಟಕಿ ತೆಗೆದು ಬಂದು ಕೂತ್ಲು.

ಬೆಳಕು ಹರಿದಾಗ ಮಗು ಕಣ್ಣು ಬಿಟ್ಟು, ಹಸಿವಮ್ಮಾ ಅಂತು. ಹಣೆ ಮುಟ್ಟಿದೆ, ತಣ್ಣಗಿತ್ತು. ಸಾರು ಬಟ್ಟಲಿಗೆ ಹಾಕಿ ಸಿಡೊನಿ ಕೈಗೆ ಕೊಡೋಕೆ ಹೋದೆ... ಬೆರಳು ನೋಡಿದೆ. ಉಂಗುರ ಬೆಳ್ಳಗಾಗಿತ್ತು.

ನಂಬದಿದ್ರೆ ಬಿಡ್ರೇ. ಸೋಮವಾರ ಅವಳು ಕೆಲಸಕ್ಕೆ ಬರ್ತಾಳೆ, ನೀವೇ ಕೈ ನೋಡಿ. ಕಾಯಿಸಿ ಹಳದಿ ಮಾಡಿಸಿಕೊಡ್ತೀನಿ ಅಂದೆ. ಬೇಡ, ಹೀಗೇ ಇರಲಿ ಅಂದ್ಲು.